ಸಹಾಯಕಿಯ ವಯಸ್ಸು ಎಂಬತ್ತಾರು

ಇಪ್ಪತ್ತೆಂಟು ವರ್ಷ ಊರಿಗೆಲ್ಲ ಟಪಾಲು ಹಂಚಿದ ಮನುಷ್ಯನಿಗೆ ಒಂದು ಫಾರಂ ತುಂಬಲು ಬರುವುದಿಲ್ಲ ಎಂದರೆ ನೀವು ನಂಬುತ್ತೀರಾ? ಟಪಾಲಣ್ಣನೂ ನಂಬಿರಲಿಲ್ಲ. ನಂಬಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಟಪಾಲಣ್ಣ ಎಂಬುದು ಊರು ಇಟ್ಟ ಹೆಸರು. ಭುಜಕ್ಕೆ ಚೀಲ ಹಾಕಿಕೊಂಡು ದಿನಕ್ಕೆ ಹನ್ನೆರಡು ಕಿಲೋಮೀಟರು ನಡೆಯುತ್ತಿದ್ದ. ಅವನನ್ನು ಕಂಡರೆ ಬೀದಿನಾಯಿಗಳು ಬೊಗಳುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ವಾಸ ಮಾತ್ರ ಮೂರನೇ ಮಹಡಿಯಲ್ಲಿ. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ; ಐವತ್ತನಾಲ್ಕು ಮೆಟ್ಟಿಲುಗಳಿದ್ದವು. ಆ ಮನೆಯಲ್ಲಿ ಅವನು, ಅವನ ಹೆಂಡತಿ, ಹೆಂಡತಿಯ ತಾಯಿ ಮೂವರಿದ್ದರು. ಅತ್ತೆಗೆ ಎಂಬತ್ತಾರು ವರ್ಷ. ಮಂಡಿ ಕೈಕೊಟ್ಟು ಎರಡು ವರ್ಷವಾಗಿತ್ತು. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದಳು, ಮೆಟ್ಟಿಲು ಮಾತ್ರ ಇಳಿಯಲಾರಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿಯನ್ನೆಲ್ಲ ಆಳುತ್ತಿದ್ದಳು.

ಈ ಅತ್ತೆಗೆ ಒಂದು ಛಲ. ಓಟಿನ ವಯಸ್ಸಿಗೆ ಬಂದಾಗಿನಿಂದ ಒಂದೇ ಒಂದು ಚುನಾವಣೆಯಲ್ಲೂ ಓಟು ತಪ್ಪಿಸಿದವಳಲ್ಲ. ಟಪಾಲಣ್ಣನ ಹೆಂಡತಿಯನ್ನು ಹೆತ್ತ ನಾಲ್ಕನೇ ದಿನವೂ ಎದ್ದು ಹೋಗಿ ಸಾಲಿನಲ್ಲಿ ನಿಂತು ಓಟು ಹಾಕಿ ಬಂದಿದ್ದಳು. ಈಗ ವಾರ್ಡಿನ ಚುನಾವಣೆ ಬಂದಿತ್ತು. ಕಣದಲ್ಲಿ ಇಬ್ಬರು: ಒಬ್ಬನ ಗುರುತು ಏಣಿ, ಇನ್ನೊಬ್ಬಳ ಗುರುತು ಕನ್ನಡಕ. ಗೆದ್ದರೆ ಎಲ್ಲ ಕಟ್ಟಡಗಳ ನೆಲಮಹಡಿಯಲ್ಲೂ ಟಪಾಲು ಪೆಟ್ಟಿಗೆ ಹಾಕಿಸುತ್ತೇನೆ, ಅಂಚೆಯವರು ಮೇಲೆ ಹತ್ತುವುದೇ ಬೇಡ ಎಂದು ಏಣಿಯವನು ಸಾರಿದ್ದ. ಟಪಾಲಣ್ಣನ ಮಂಡಿಗಳು ಆ ಕ್ಷಣವೇ ಏಣಿಯ ಪಕ್ಷ ಸೇರಿದವು.

"ಕೆಳಗೇ ಪೆಟ್ಟಿಗೆ ಬಂದ್ರೆ ಮೇಲಿನವರ ಬಾಗಿಲು ತಟ್ಟೋರು ಯಾರು?" ಎಂದಳು ಅತ್ತೆ. "ಇದ್ದಾರೋ ಸತ್ತರೋ ನೋಡೋನು ಅಂದ್ರೆ ಕಾಗದದವನು ಒಬ್ಬನೇ. ನನ್ನ ಓಟು ಕನ್ನಡಕಕ್ಕೆ. ಆದ್ರೆ ಹೋಗೋದು ಹೇಗೆ, ಅದನ್ನ ಹೇಳಿ ಅಳಿಯಂದಿರೇ."

ಎಂಬತ್ತು ದಾಟಿದವರು, ನಡೆಯಲಾರದವರು ಮನೆಯಿಂದಲೇ ಮತ ಹಾಕಬಹುದು, ಅರ್ಜಿ ಕೊಟ್ಟರೆ ಮತಪೆಟ್ಟಿಗೆಯೇ ಮನೆಗೆ ಬರುತ್ತದೆ ಎಂದು ಅವತ್ತಿನ ಪತ್ರಿಕೆಯಲ್ಲಿ ಬಂದಿತ್ತು. ಫಾರಂ ನಾನು ತರುತ್ತೇನೆ, ತುಂಬುವುದಕ್ಕೆ ಕೆಳಮನೆಯ ಕಾನೂನು ಮಾವನನ್ನು ಕರೆಯೋಣ ಎಂದಳು ಹೆಂಡತಿ. ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮುದುಕ ಅವನು. ಟಪಾಲಣ್ಣನಿಗೆ ಅವಮಾನವಾಯಿತು.

"ಒಂದು ಫಾರಂ ತುಂಬೋಕೆ ಅವರಿವರು ಯಾಕೆ? ಬೆಳಗಾದ್ರೆ ಕಾಗದದ ನಡುವೇನೇ ಇರೋನು ನಾನು. ಕಣ್ಣು ಮುಚ್ಕೊಂಡು ತುಂಬ್ತೀನಿ."

ಅವನು ಅಕ್ಷರಶಃ ಹಾಗೆಯೇ ತುಂಬಿದ. ಲಕೋಟೆಯಲ್ಲಿ ಕಳಿಸುವವರ ಹೆಸರು ಮೇಲೆ ಎಡಗಡೆ, ತಲುಪಬೇಕಾದವರದ್ದು ಕೆಳಗೆ ಬಲಗಡೆ. ಇಪ್ಪತ್ತೆಂಟು ವರ್ಷ ಅವನು ಕಂಡ ಜಗತ್ತು ಅದೊಂದೇ. ಖಾನೆಯ ತಲೆಬರಹ ಓದುವುದೆಲ್ಲ ಹೊಸಬರ ಕೆಲಸ. ಅರ್ಜಿ ಕಳಿಸುವವನು ತಾನು, ಹಾಗಾಗಿ ಮೇಲೆ ಎಡಗಡೆ ತನ್ನ ಹೆಸರು, ತನ್ನ ಗುರುತಿನ ಚೀಟಿಯ ಸಂಖ್ಯೆ ಬರೆದ. ಪೆಟ್ಟಿಗೆ ತಲುಪಬೇಕಾದದ್ದು ಅತ್ತೆಗೆ, ಹಾಗಾಗಿ ಕೆಳಗೆ ಬಲಗಡೆ ಅತ್ತೆಯ ಹೆಸರು, ವಯಸ್ಸು ಬರೆದ. ನಡುವೆ ಕಾರಣ ಬರೆಯಲು ಐದು ಗೆರೆಗಳಿದ್ದವು. ಗಟ್ಟಿಯಾಗಿರಲಿ ಎಂದು ಐದನ್ನೂ ತುಂಬಿಸಿದ: ನಡೆಯಲು ಆಗದು. ಕಣ್ಣು ಮಂಜು. ಕೈ ನಡುಗುತ್ತದೆ. ಬರೆದದ್ದು ಓದಲಾಗದು. ಕೆಲವೊಮ್ಮೆ ಎಲ್ಲಿದ್ದೇನೆಂಬುದೇ ತಿಳಿಯದು.

ಆಮೇಲೆ ಅಂಟು ಸವರಿ, ತನ್ನ ಕೈಯಾರೆ ಅಂಚೆ ಡಬ್ಬಕ್ಕೆ ಹಾಕಿದ. ಮರುದಿನ ತನ್ನ ಕೈಯಾರೆ ಡಬ್ಬದಿಂದ ತೆಗೆದ. ಅಂಚೆಯ ಇತಿಹಾಸದಲ್ಲಿ ಇಷ್ಟು ಜೋಪಾನವಾಗಿ ಸಾಗಿದ ತಪ್ಪು ಇನ್ನೊಂದಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ರಿಜಿಸ್ಟರ್ಡ್. ಬೆಳಗ್ಗೆ ಕಾಗದ ವಿಂಗಡಿಸುವಾಗ ತನ್ನದೇ ಹೆಸರಿನ ಲಕೋಟೆ ಕೈಗೆ ಸಿಕ್ಕಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಡೆದು ನೋಡುತ್ತಿದ್ದರು. ರಿಜಿಸ್ಟರ್ಡ್ ಕಾಗದವನ್ನು ವಿಳಾಸದ ಮನೆಯಲ್ಲೇ ಕೊಡಬೇಕು ಎಂಬ ನಿಯಮವನ್ನು ಟಪಾಲಣ್ಣ ಒಮ್ಮೆಯೂ ಮುರಿದವನಲ್ಲ. ದಾರಿಯ ಉಳಿದ ಕಾಗದಗಳನ್ನು ಹಂಚಿ, ಐವತ್ತನಾಲ್ಕು ಮೆಟ್ಟಿಲು ಹತ್ತಿ, ತನ್ನ ಮನೆಯ ಗಂಟೆ ಒತ್ತಿದ.

"ರಿಜಿಸ್ಟರ್ಡ್!" ಎಂದ.

ಹೆಂಡತಿ ಬಾಗಿಲು ತೆಗೆದಳು. "ಯಾರಿಗೆ?"

"ನನಗೆ. ಪೆನ್ನು ಕೊಡು."

ಹೊಸ್ತಿಲಲ್ಲಿ ನಿಂತೇ ಸಹಿ ಹಾಕಿ, ತನಗೆ ತಾನೇ ಕಾಗದ ಕೊಟ್ಟು, ಒಳಗೆ ಬಂದು ಓದಿದ. ಮಾನ್ಯ ಮತದಾರರೇ, ತಾವು ನಡೆಯಲಾರದವರೆಂದು ಪರಿಗಣಿಸಿ ತಮ್ಮ ಅರ್ಜಿಯನ್ನು ಮಂಜೂರು ಮಾಡಲಾಗಿದೆ. ಬರುವ ಗುರುವಾರ ನಮ್ಮ ತಂಡ ತಮ್ಮ ಮನೆಗೆ ಬರುತ್ತದೆ. ತಮ್ಮ ಕೈ ನಡುಗುವುದರಿಂದ ತಮ್ಮ ಪರವಾಗಿ ಸಹಾಯಕಿಯು ಮತ ಗುರುತು ಮಾಡಬಹುದು. ಸಹಾಯಕಿಯ ವಯಸ್ಸು ಎಂಬತ್ತಾರು.

ಅವನು ಎರಡು ಸಲ ಓದಿದ. ಮೂರನೆಯ ಸಲ ಅತ್ತೆ ಕಿತ್ತುಕೊಂಡು ಓದಿದಳು.

"ನನ್ನ ಓಟೆಲ್ಲಿ ಇದರಲ್ಲಿ?" ಎಂದು ಕೇಳಿದಳು. "ಕೈ ನಡುಗುತ್ತೆ ಅಂತ ಬೇರೆ ಬರೆದಿದ್ದಾರೆ. ಯಾರ ಕೈ?"

ಮಧ್ಯಾಹ್ನವೇ ಟಪಾಲಣ್ಣ ಚುನಾವಣಾ ಕಚೇರಿಗೆ ಓಡಿದ. ಗಾಜಿನ ಹಿಂದೆ ಒಬ್ಬ ಗುಮಾಸ್ತ ಕೂತಿದ್ದ. ಗಾಜಿನಲ್ಲಿ ಮಾತಿಗೊಂದು, ಕಾಗದಕ್ಕೊಂದು ಎರಡು ತೂತುಗಳಿದ್ದವು. ಮಾತಿನ ತೂತು ಗುಮಾಸ್ತನ ಎತ್ತರಕ್ಕೆ ಇತ್ತು, ಬಂದವರ ಎತ್ತರಕ್ಕೆ ಇರಲಿಲ್ಲ. ಟಪಾಲಣ್ಣ ಬಗ್ಗಿ ಮಾತಾಡಿದ.

"ಸರ್, ಈ ಪಟ್ಟಿಯಿಂದ ನನ್ನ ಹೆಸರು ತೆಗೀಬೇಕು. ನಮ್ಮ ಅತ್ತೆ ಹೆಸರು ಹಾಕಬೇಕು."

"ತೆಗೀಬೇಕಾದ್ರೆ ಅರ್ಜಿದಾರರೇ ಖುದ್ದಾಗಿ ಬರಬೇಕು."

"ನಾನೇ ಸರ್ ಅರ್ಜಿದಾರ."

ಗುಮಾಸ್ತ ಕಡತ ತೆರೆದು ಓದಿದ. ಆಮೇಲೆ ಕುರ್ಚಿಯಿಂದ ಎದ್ದು, ಗಾಜಿಗೆ ಹಣೆ ಒತ್ತಿ, ಟಪಾಲಣ್ಣನ ಕಾಲುಗಳನ್ನು ನೋಡಿದ.

"ಅರ್ಜಿದಾರರಿಗೆ ನಡೆಯೋಕಾಗಲ್ಲ."

"ಆಗುತ್ತೆ ಸರ್. ನಡ್ಕೊಂಡೇ ಬಂದೆನಲ್ಲ!"

"ಹಾಗಾದ್ರೆ ನೀವು ಅರ್ಜಿದಾರರಲ್ಲ. ಗುರುತಿನ ಚೀಟಿ ತೋರಿಸಿ."

ಟಪಾಲಣ್ಣ ಚೀಟಿ ತೂರಿಸಿದ. ಗುಮಾಸ್ತ ಫೋಟೋ ನೋಡಿದ, ಮುಖ ನೋಡಿದ, ಸಂಖ್ಯೆ ತಾಳೆ ಮಾಡಿದ.

"ಎಲ್ಲ ಸರಿ ಇದೆ. ಇದು ನಡೆಯಲಾರದವರ ಚೀಟಿ. ನಿಮ್ಮ ಕೈಗೆ ಹೇಗೆ ಬಂತು?"

"ನನ್ನ ಜೇಬಲ್ಲೇ ಇತ್ತು ಸರ್. ಫೋಟೋ ನಂದೇ ಅಲ್ವಾ?"

"ಫೋಟೋ ನಿಮ್ಮದೇ. ಕಾಲು ನಿಮ್ಮದಲ್ಲ. ಬೇರೆ ದಾಖಲೆ ಏನಾದ್ರೂ ಇದ್ಯಾ? ಹನ್ನೆರಡು ಬಗೆ ಒಪ್ಕೋತೀವಿ. ಬ್ಯಾಂಕ್ ಪುಸ್ತಕ, ಗಾಡಿ ಲೈಸೆನ್ಸು, ಕೆಲಸದ ಕಾರ್ಡು..."

ಟಪಾಲಣ್ಣ ಕತ್ತಿನಿಂದ ಅಂಚೆ ಇಲಾಖೆಯ ಕಾರ್ಡು ಬಿಚ್ಚಿ ಕೊಟ್ಟ. ಗುಮಾಸ್ತನ ಮುಖ ಗಂಭೀರವಾಯಿತು. "ಅಂಚೆ ಹಂಚೋರು ಅಂತಿದೆ. ಅಂಚೆ ಹಂಚೋರು ದಿನಾ ನಡೀತಾರೆ. ಈಗ ನೋಡಿ, ಒಂದೇ ಹೆಸರಿನ ಇಬ್ಬರಾದ್ರು. ಇದನ್ನ ದೊಡ್ಡದು ಮಾಡೋದು ಬೇಡ. ಎರಡು ಕಡೆ ಹೆಸರಿದ್ರೆ ತೊಂದ್ರೆ ನಿಮಗೇ."

"ಹೋಗ್ಲಿ ಸರ್, ಅತ್ತೆ ಹೆಸರನ್ನಾದ್ರೂ ಸೇರಿಸಿ. ಅವರಿಗೆ ನಿಜವಾಗ್ಲೂ ಮೆಟ್ಟಿಲು ಇಳಿಯೋಕಾಗಲ್ಲ."

"ಕೊನೇ ದಿನ ಮೊನ್ನೆ ಮುಗೀತು. ಅಲ್ಲದೆ ಅವರು ನಿಮ್ಮ ಸಹಾಯಕಿ ಅಂತ ದಾಖಲೆ ಇದೆ. ನಡೆಯಲಾರದವರು ಸಹಾಯಕಿ ಹೇಗಾಗ್ತಾರೆ? ನಿಮಗೆ ತಿದ್ದುಪಡಿ ಬೇಕಿದ್ರೆ ಗುರುವಾರ ತಂಡ ಮನೆಗೇ ಬರುತ್ತೆ, ಅವರ ಹತ್ರ ಹೇಳ್ಕೊಳ್ಳಿ. ನಡೆಯಲಾರದವರು ಇಲ್ಲೀವರೆಗೆ ಬರೋ ಕಷ್ಟ ತಗೋಬಾರದು. ಮುಂದಿನವರು!"

ಸಂಜೆ ಮನೆಗೆ ಬರುವಷ್ಟರಲ್ಲಿ ಕಟ್ಟಡದ ಬಾಗಿಲಿಗೆ ಮನೆಯಿಂದ ಮತ ಹಾಕುವವರ ಪಟ್ಟಿ ಅಂಟಿಸಿದ್ದರು. ಅದರ ಮುಂದೆ ಕಾನೂನು ಮಾವ ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದ.

"ಏನಪ್ಪಾ ಇದು? ನಿನ್ನೆ ತನಕ ಚೆನ್ನಾಗಿದ್ದೆ!"

ಟಪಾಲಣ್ಣ ನಡೆದದ್ದೆಲ್ಲ ಹೇಳಿದ. ಕಾನೂನು ಮಾವ ಕೇಳುತ್ತಾ ಕೇಳುತ್ತಾ ಹುರುಪುಗೊಂಡ. ನಿವೃತ್ತಿಯಾದ ಮೇಲೆ ಇಷ್ಟು ಒಳ್ಳೆಯ ಪ್ರಕರಣ ಅವನ ಕೈಗೆ ಬಂದಿರಲಿಲ್ಲ.

"ಸುಳ್ಳು ಘೋಷಣೆ. ಸಹಿ ಬೇರೆ ಮಾಡಿದೀಯ. ನಾಳೆ ಯಾರಾದ್ರೂ ನೀನು ಓಡಾಡೋದನ್ನ ನೋಡಿ ದೂರು ಕೊಟ್ರೆ ಒಳಗೆ ಹಾಕ್ತಾರೆ. ಗುರುವಾರದ ತನಕ ಆದಷ್ಟು ಕಡಿಮೆ ನಡಿ. ಗುರುವಾರ ಹಾಸಿಗೆ ಬಿಟ್ಟು ಏಳಲೇಬೇಡ."

"ನಿಜ ಹೇಳಿಬಿಡ್ತೀನಿ ಮಾವ."

"ಹೇಳು. ಮಲಗಿಕೊಂಡು ಹೇಳು."

ಸುದ್ದಿ ಟಪಾಲಣ್ಣನಿಗಿಂತ ವೇಗವಾಗಿ ಮನೆಮನೆಗೆ ಮುಟ್ಟಿತು. ಮರುದಿನ ಅವನ ಹಾದಿಯುದ್ದಕ್ಕೂ ಜನ ಮೆಟ್ಟಿಲಿಳಿದು ಬಂದು ಕಾಗದ ಇಸಿದುಕೊಂಡರು. ಒಬ್ಬಾಕೆ ಸ್ಟೂಲು ತಂದಿಟ್ಟಳು. ಕ್ಷೌರದಂಗಡಿಯವನು ಕುರ್ಚಿ ತಿರುಗಿಸಿ ಕೂರಿಸಿ, "ಹೊರಗೆ ನೋಡೋಕೆ ಗೊತ್ತೇ ಆಗಲ್ಲ, ಅಲ್ವಾ? ನಮ್ಮ ಭಾವನಿಗೂ ಹೀಗೇ ಒಳಗೊಳಗೇ ಇತ್ತು" ಎಂದ. ಭಾವ ಈಗ ಹೇಗಿದ್ದಾರೆ ಎಂದು ಟಪಾಲಣ್ಣ ಕೇಳಿದ. ಕ್ಷೌರಿಕ ಕತ್ತರಿ ಒರೆಸತೊಡಗಿದ. ಪೋಸ್ಟ್ ಮಾಸ್ತರರು ಪಟ್ಟಿಯ ಪ್ರತಿ ಹಿಡಿದುಕೊಂಡು ಬಂದು, ಗುರುವಾರಕ್ಕೆ ರಜೆ ಬರೆದು, ಅಲ್ಲಿಯವರೆಗೆ ಕೂತು ಮುದ್ರೆ ಒತ್ತುವ ಕೆಲಸ ಕೊಟ್ಟರು. "ಕೈ ನಡುಗಿದ್ರೆ ಹೇಳು, ಅದನ್ನೂ ಬದಲಾಯಿಸೋಣ" ಎಂದರು.

ಮನೆಯಲ್ಲಿ ಅತ್ತೆ ಯಾರೊಂದಿಗೂ ಜಗಳವಾಡಲಿಲ್ಲ. ಅದಕ್ಕೇ ಎಲ್ಲರಿಗೂ ಭಯವಾಗಿತ್ತು. ಓಟು ಹಾಕಲು ಹೋಗುವಾಗ ಉಡುತ್ತಿದ್ದ ನೀಲಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆಸಿದ್ದಳು. ಈಗ ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಬೀದಿ ನೋಡುತ್ತಿದ್ದಳು.

ಗುರುವಾರ ಬೆಳಗ್ಗೆ ಏಳಕ್ಕೇ ಕಾನೂನು ಮಾವ ಬಂದು ಅವನನ್ನು ಮಲಗಿಸಿ, ಕತ್ತಿನವರೆಗೆ ಹೊದಿಕೆ ಹೊದಿಸಿದ. ತಂಡ ಬಂದದ್ದು ಮಧ್ಯಾಹ್ನ ಒಂದಕ್ಕೆ. ಮೊದಲು ಅಧಿಕಾರಿಣಿ, ಹಿಂದೆ ಪೆಟ್ಟಿಗೆ ಹೊತ್ತವನು, ರಟ್ಟಿನ ಮರೆ ಹೊತ್ತವನು, ಒಬ್ಬ ಪೊಲೀಸು, ಕೊನೆಗೆ ಎಲ್ಲವನ್ನೂ ಚಿತ್ರೀಕರಿಸುವ ಕ್ಯಾಮೆರಾದವನು. ಐವತ್ತನಾಲ್ಕು ಮೆಟ್ಟಿಲು ಹತ್ತಿ ಐದೂ ಜನ ಏದುಸಿರು ಬಿಡುತ್ತಿದ್ದರು. ಆ ಕೋಣೆಯಲ್ಲಿ ಆರೋಗ್ಯವಾಗಿ ಕಾಣುತ್ತಿದ್ದವನು ರೋಗಿ ಒಬ್ಬನೇ.

"ಮೇಡಂ," ಎಂದ ಟಪಾಲಣ್ಣ, "ನಾನು ನಿಜ ಹೇಳ್ತೀನಿ. ನನಗೆ ನಡೆಯೋಕಾಗುತ್ತೆ."

ಅಧಿಕಾರಿಣಿ ಮೃದುವಾಗಿ ನಕ್ಕರು. "ಖಂಡಿತ ಆಗುತ್ತೆ. ಬೇಗ ಗುಣವಾಗ್ತೀರಿ."

"ಅಲ್ಲ ಮೇಡಂ, ಈಗಲೇ ಆಗುತ್ತೆ. ನಾನು ಅಂಚೆಯವನು. ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೀತೀನಿ."

ಅಧಿಕಾರಿಣಿ ಅರ್ಜಿಯ ಐದನೆಯ ಗೆರೆಯ ಮೇಲೆ ಬೆರಳಿಟ್ಟು ಹೆಂಡತಿಗೆ ತೋರಿಸಿದರು: ಕೆಲವೊಮ್ಮೆ ಎಲ್ಲಿದ್ದೇನೆಂಬುದೇ ತಿಳಿಯದು. "ಯಾವಾಗಿಂದ ಹೀಗೆ?" ಎಂದು ಮೆಲ್ಲಗೆ ಕೇಳಿದರು.

"ಮದುವೆ ಆದಾಗಿಂದ," ಎಂದಳು ಹೆಂಡತಿ.

ಟಪಾಲಣ್ಣ ಹೊದಿಕೆ ಕಿತ್ತೆಸೆದು ಎದ್ದು ನಿಂತ. ಆದರೆ ಏಳು ಗಂಟೆಯಿಂದ ಒಂದೇ ಮಗ್ಗುಲಲ್ಲಿ ಮಲಗಿದ್ದ ಕಾಲು ಜೋಮು ಹಿಡಿದಿತ್ತು. ಒಂದು ಹೆಜ್ಜೆ ಇಟ್ಟ. ಎರಡನೆಯ ಹೆಜ್ಜೆಗೆ ಪೊಲೀಸಿನವನ ಎದೆಯ ಮೇಲೆ ಬಿದ್ದ. ಮೂರು ಜನ ಸೇರಿ ಅವನನ್ನು ಮತ್ತೆ ಮಲಗಿಸಿದರು. ಕ್ಯಾಮೆರಾದವನು ಅಷ್ಟನ್ನೂ ತೆಗೆದುಕೊಂಡ. ಕಾನೂನು ಮಾವ ಮೂಲೆಯಲ್ಲಿ ನಿಂತು, ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ ಎಂಬಂತೆ ತಲೆದೂಗಿದ.

"ಸಹಾಯಕಿ ಯಾರು?" ಎಂದರು ಅಧಿಕಾರಿಣಿ.

"ನಾನೇ," ಎಂದಳು ಅತ್ತೆ ಕುರ್ಚಿಯಿಂದ.

ಅವಳಿಗೆ ಪ್ರಮಾಣ ಮಾಡಿಸಿದರು. ಮತದಾರ ಹೇಳಿದಂತೆಯೇ ಗುರುತು ಮಾಡುತ್ತೇನೆ, ಆ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಎಂದು. ಅತ್ತೆ ಕಾಗದದ ಕೊನೆಯಲ್ಲಿ ಸಹಿ ಮಾಡಿದಳು. ಅವಳ ಕೈ ಎಳ್ಳಷ್ಟೂ ನಡುಗಲಿಲ್ಲ. ಟಪಾಲಣ್ಣ ಅವಳ ಕಿವಿಯಲ್ಲಿ "ಏಣಿ" ಎಂದು ಪಿಸುಗುಟ್ಟಿದ. ಅತ್ತೆ "ಕೇಳಿಸಿತು" ಎಂದಳು, ಒಪ್ಪಿದೆ ಎನ್ನಲಿಲ್ಲ. ಕೋಲೂರಿಕೊಂಡು ರಟ್ಟಿನ ಮರೆಗೆ ಹೋದವಳು ಕಾಲು ಗಂಟೆ ಹೊರಗೆ ಬರಲಿಲ್ಲ. ಎರಡೇ ಗುರುತಿರುವ ಚೀಟಿಗೆ ಕಾಲು ಗಂಟೆ ಯಾಕೆ ಬೇಕಾಯಿತು ಎಂಬುದು ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಬಂದವಳು ಮಡಿಸಿದ ಚೀಟಿಯನ್ನು ಪೆಟ್ಟಿಗೆಗೆ ಹಾಕಿದಳು.

"ಇನ್ನು ನಂದು?" ಎಂದಳು.

"ಅಜ್ಜಿ, ನಿಮ್ಮ ಹೆಸರು ಈ ಪಟ್ಟಿಯಲ್ಲಿಲ್ಲ. ನೀವು ಮತಗಟ್ಟೆಗೇ ಬರಬೇಕು. ಅಲ್ಲಿ ಎಲ್ಲ ಅನುಕೂಲ ಇದೆ. ಇಳಿಜಾರು ಹಾಕಿಸಿದೀವಿ, ಗಾಲಿಕುರ್ಚಿ ಇದೆ, ಸಾಲಿಲ್ಲದೆ ಒಳಗೆ ಬಿಡ್ತೀವಿ."

"ಅಲ್ಲಿ ಇಳಿಜಾರು ಇದೆ ತಾಯಿ, ಇಲ್ಲಿ ಮೆಟ್ಟಿಲಿದೆ," ಎಂದಳು ಅತ್ತೆ. ಅಧಿಕಾರಿಣಿಗೆ ಪಾಪ ಅನ್ನಿಸಿರಬೇಕು, ಕಡತ ಮುಚ್ಚುತ್ತಾ ಎರಡು ಸಲ ತಿರುಗಿ ನೋಡಿದರು. ಆದರೆ ಪಟ್ಟಿ ಪಟ್ಟಿಯೇ.

ಭಾನುವಾರ ಮತದಾನ. ಏಳಕ್ಕೆಲ್ಲ ಅತ್ತೆ ನೀಲಿ ಸೀರೆ ಉಟ್ಟು, ಗುರುತಿನ ಚೀಟಿಯನ್ನು ಕೈಯಲ್ಲಿ ಹಿಡಿದು, ಕಿಟಕಿಗೆ ಬೆನ್ನು ಮಾಡಿ ಬಾಗಿಲಿಗೆ ಮುಖ ಮಾಡಿ ಕೂತಳು. ಹತ್ತಾಯಿತು. ಕುರ್ಚಿ ಸಮೇತ ಇಳಿಸೋಣ ಎಂದು ಹಿಂದಿನ ದಿನ ಹೇಳಿದ್ದ ಮೇಲಿನ ಮಹಡಿಯ ಇಬ್ಬರು ತಮ್ಮ ತಮ್ಮ ಸೊಂಟ ನೋವನ್ನು ನೆನಪಿಸಿಕೊಂಡರು. ಹನ್ನೊಂದಾಯಿತು.

"ಬನ್ನಿ ಅತ್ತೆ, ಬೆನ್ನಿಗೆ," ಎಂದ ಟಪಾಲಣ್ಣ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು.

"ರೀ, ನೀವು ಹಾಸಿಗೆ ಹಿಡಿದೋರು! ಜೈಲಿಗೆ ಹಾಕ್ತಾರೆ!" ಎಂದಳು ಹೆಂಡತಿ.

"ಹಾಕ್ಲಿ. ಜೈಲು ನೆಲಮಹಡಿಯಲ್ಲೇ ಇರುತ್ತೆ."

ಇಪ್ಪತ್ತೆಂಟು ವರ್ಷ ಚೀಲ ಹೊತ್ತ ಬೆನ್ನಿಗೆ ಅತ್ತೆ ಅಂಥ ಭಾರವೇನಲ್ಲ. ಚೀಲಕ್ಕೂ ಅವಳಿಗೂ ವ್ಯತ್ಯಾಸವೆಂದರೆ ಚೀಲ ದಾರಿಯುದ್ದಕ್ಕೂ ಸಲಹೆ ಕೊಡುತ್ತಿರಲಿಲ್ಲ ಅಷ್ಟೇ. ಕೆಳಗಿಳಿದಾಗ ಕಾನೂನು ಮಾವ ಬಾಗಿಲಲ್ಲಿ ಅವರನ್ನು ನೋಡಿ, "ಪ್ರಕರಣ ಹಾಳು ಮಾಡ್ತೀಯಲ್ಲೋ!" ಎಂದು ಕೂಗುತ್ತಾ ಹಿಂದೆಯೇ ಹೊರಟ.

ಮತಗಟ್ಟೆ ಎರಡು ಬೀದಿ ಆಚೆಯ ಶಾಲೆಯಲ್ಲಿ. ಗೇಟಿನ ಹತ್ತಿರ ಅತ್ತೆಯನ್ನು ಇಳಿಸಿ ಕೋಲು ಕೊಟ್ಟು, ಟಪಾಲಣ್ಣ ಮಂಡಿ ಹಿಡಿದುಕೊಂಡು ಬಗ್ಗಿ ಉಸಿರು ಬಿಡುತ್ತಿದ್ದ. ಕಾನೂನು ಮಾವನಿಗೆ ತಲೆ ಓಡಿತು.

"ಯಾರಾದ್ರೂ ಬನ್ರಪ್ಪಾ! ಇವನು ನಡೆಯಲಾರದವನು! ಪಟ್ಟಿಯಲ್ಲಿದಾನೆ!"

ಸ್ವಯಂಸೇವಕರು ಬೆಳಗ್ಗೆಯಿಂದ ಗಾಲಿಕುರ್ಚಿ ಇಟ್ಟುಕೊಂಡು ಯಾರೂ ಬಾರದೆ ಕಾಯುತ್ತಿದ್ದರು. ಇಬ್ಬರು ಓಡಿ ಬಂದು, ಟಪಾಲಣ್ಣ ಬಾಯಿ ತೆರೆಯುವ ಮೊದಲೇ ಅವನನ್ನು ಕೂರಿಸಿ, ಬೆಲ್ಟು ಕಟ್ಟಿ, ಇಳಿಜಾರಿನ ಬುಡಕ್ಕೆ ತಂದರು. ಅತ್ತೆ ನೋಡಿದಳು. ಕುರ್ಚಿಯ ಹಿಂದೆ ಎರಡು ಹಿಡಿಗಳಿದ್ದವು, ಕೋಲಿಗಿಂತ ಗಟ್ಟಿ. ಕೋಲನ್ನು ಅಳಿಯನ ತೊಡೆಯ ಮೇಲೆ ಹಾಕಿ, "ಬಿಡ್ರಪ್ಪಾ, ನಾನು ನೋಡ್ಕೋತೀನಿ" ಎಂದು ಹಿಡಿಗಳನ್ನು ಹಿಡಿದಳು. ಟಪಾಲಣ್ಣ ಗುಟ್ಟಾಗಿ ಗಾಲಿ ತಿರುಗಿಸಿದ, ಅತ್ತೆ ಹಿಡಿಗೆ ಆತುಕೊಂಡು ಹೆಜ್ಜೆ ಇಟ್ಟಳು. ಸಾಲಿನಲ್ಲಿದ್ದ ಜನರೆಲ್ಲ ತಿರುಗಿ ನೋಡಿದರು. ಎಂಬತ್ತಾರರ ಮುದುಕಿ ಗಂಡಾಳನ್ನು ತಳ್ಳಿಕೊಂಡು ಇಳಿಜಾರು ಹತ್ತುತ್ತಿದ್ದಳು.

ಮೇಲೆ ಬಾಗಿಲಲ್ಲಿ ಗುರುವಾರದ ಅದೇ ಅಧಿಕಾರಿಣಿ ನಿಂತಿದ್ದರು. ಟಪಾಲಣ್ಣನ ಮುಖ ನೋಡಿ ಹುಬ್ಬು ಗಂಟಿಕ್ಕಿದರು.

"ಇವರ ಮತ ಆಗಿಹೋಗಿದೆ. ಮನೆಯಿಂದ ಹಾಕಿದವರು ಮತಗಟ್ಟೆಗೆ ಬರೋ ಹಾಗಿಲ್ಲ. ಮತ್ತೆ ಯಾಕೆ ಬಂದಿದ್ದಾರೆ?"

ಕಾನೂನು ಮಾವ ಇಳಿಜಾರಿನ ಅರ್ಧದಿಂದಲೇ ಹಿಂದಕ್ಕೆ ಸರಿದ. ಅತ್ತೆ ಮಾತ್ರ ಸೀರೆಯ ಸೆರಗು ಸರಿಮಾಡಿಕೊಂಡಳು.

"ಅವರು ಓಟಿಗೆ ಬಂದಿಲ್ಲ. ನಾನು ಬಂದಿರೋದು. ಇಗೋ ನನ್ನ ಚೀಟಿ. ನಾನು ಇವರ ಸಹಾಯಕಿ, ನಿಮ್ಮ ಕಾಗದದಲ್ಲೇ ಇದೆ." ಒಂದು ಉಸಿರು ತೆಗೆದುಕೊಂಡಳು. "ಇಂಥವರನ್ನ ಮನೇಲಿ ಒಬ್ಬರನ್ನೇ ಬಿಟ್ಟು ಬರೋಕಾಗುತ್ತಾ? ಅದಕ್ಕೇ ತಳ್ಕೊಂಡು ಬಂದೆ."

ಅಧಿಕಾರಿಣಿ ಅತ್ತೆಯ ಚೀಟಿ ನೋಡಿದರು, ಟಪಾಲಣ್ಣನ ಧೂಳು ಹಿಡಿದ ಚಪ್ಪಲಿಗಳನ್ನು ನೋಡಿದರು, ಅವನ ಬೆನ್ನ ಮೇಲೆ ಅಂಟಿದ್ದ ನೀಲಿ ಸೀರೆಯ ಎಳೆಗಳನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಅಜ್ಜಿಗೆ ಸಾಲು ಬೇಡ, ಒಳಗೆ ಬಿಡಿ. ರೋಗಿ ಇಲ್ಲೇ ಇರ್ಲಿ. ನಾನು ನೋಡ್ಕೋತೀನಿ."

ಐದು ನಿಮಿಷಕ್ಕೆ ಅತ್ತೆ ಹೊರಗೆ ಬಂದಳು. ಮಸಿ ಹಚ್ಚಿದ ಬೆರಳನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ಬಿಸಿಲು ಎಂದಳು, ಟಪಾಲಣ್ಣ ಹೌದು ಎಂದ.

ಹಿಂತಿರುಗಿ ಮೆಟ್ಟಿಲು ಹತ್ತುವಾಗ ಮೊದಲ ಮಹಡಿಯಲ್ಲಿ ನಿಂತು ಅವನು ಕೇಳಿದ, "ಅತ್ತೆ, ಗುರುವಾರ ನನ್ನ ಓಟು ಏಣಿಗೇ ಹಾಕಿದ್ರಿ ತಾನೆ?"

"ಪ್ರಮಾಣ ಮಾಡಿದೀನಿ. ಹೇಳೋ ಹಾಗಿಲ್ಲ," ಎಂದಳು ಬೆನ್ನ ಮೇಲಿನಿಂದ.

ಎರಡನೇ ಮಹಡಿಯಲ್ಲಿ ಮತ್ತೆ ಕೇಳಿದ. "ಓಟು ಹಾಕಿದವನು ನಾನೇ ಅಲ್ವಾ? ನನ್ನ ಹತ್ರ ಏನು ಗುಟ್ಟು?"

"ಯಾರಿಗೂ ಅಂತ ಬರೆದಿತ್ತು. ನೀವು ಯಾರೂ ಅಲ್ವಾ?"

ಅವನು ಮತ್ತೆ ಹತ್ತತೊಡಗಿದ. ಐವತ್ತನಾಲ್ಕನೆಯ ಮೆಟ್ಟಿಲು ಹತ್ತಿ, ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡೇ, ಮೊಣಕೈಯಿಂದ ಮನೆಯ ಗಂಟೆ ಒತ್ತಿದ. ಒಳಗೆ ಹೆಂಡತಿಯ ಹೆಜ್ಜೆಯ ಸದ್ದು ಕೇಳಿಸಿತು.

"ರಿಜಿಸ್ಟರ್ಡ್!" ಎಂದ. "ಜೋಪಾನವಾಗಿ ತಲುಪಿದೆ. ಸಹಿ ಹಾಕಬೇಕು."

"ನಾನು ಹಾಕ್ತೀನಿ," ಎಂದಳು ಅತ್ತೆ ಅವನ ಭುಜದ ಮೇಲಿಂದ ಕೈ ಚಾಚಿ. "ಇವರ ಕೈಗೆ ಮಾತ್ರ ಪೆನ್ನು ಕೊಡಬೇಡ."